ಮಂಡಿಪೇಟೆಯಿಂದ ಲೋಕಸಭೆಗೆ

ಬಿಸಿಲು ಏರುವ ಹೊತ್ತಿಗೆ ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜಗಳೂರು, ಹೊನ್ನಾಳಿ, ಚನ್ನಗಿರಿ ಕಡೆಯ ಟ್ರ್ಯಾಕ್ಟರುಗಳು ಮೆಕ್ಕೆಜೋಳ ಸುರಿದು ಹೋಗಿವೆ. ಹಳದಿ ರಾಶಿಗಳ ನಡುವೆ ಹಮಾಲರು ಕೊಕ್ಕೆ ಹಿಡಿದು ಓಡಾಡುತ್ತಾರೆ. ಖರೀದಿದಾರ ರಾಶಿಯೊಳಗೆ ಮೊಣಕೈತನಕ ಕೈ ಇಳಿಸಿ, ಅಡಿಯ ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಕಟ್ ಎಂದರೆ ಒಣಗಿದೆ. ಮೆತ್ತಗೆ ಸಿಕ್ಕರೆ ತೇವ ಉಳಿದಿದೆ. ತೇವಾಂಶ ಅಳೆಯುವ ಯಂತ್ರ ಪಕ್ಕದಲ್ಲೇ ಇದ್ದರೂ ಮೊದಲ ತೀರ್ಪು ಹಲ್ಲಿನದೇ. ರೈತ ತುಟಿ ಬಿಚ್ಚುವುದಿಲ್ಲ. ಕಾಳು ಕಡಿಯುವವನ ಮುಖವನ್ನೇ ನೋಡುತ್ತ ನಿಂತಿರುತ್ತಾನೆ.

ಪಟ್ಟಿ ಕೈಗೆ ಬಂದು, ಹಮಾಲಿ, ಸಾಲದ ಬಾಕಿ ಎಲ್ಲ ಕಳೆದು ಉಳಿದದ್ದೇ ಅವನ ವರ್ಷದ ದುಡಿಮೆ. ಅದನ್ನು ಎಲ್ಲಿಡಬೇಕು? ಮಂಡಿಪೇಟೆ, ಚೌಕಿಪೇಟೆ ಕಡೆ ನಡೆದರೆ ಈ ಪ್ರಶ್ನೆಗೆ ಹೆಜ್ಜೆಹೆಜ್ಜೆಗೂ ಉತ್ತರ ತೂಗುಬಿದ್ದಿದೆ. ರಾಷ್ಟ್ರೀಕೃತ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಪತ್ತಿನ ಸಹಕಾರ ಸಂಘ, ಸೌಹಾರ್ದ, ಚಿಟ್ ಫಂಡ್, ಚಿನ್ನದ ಸಾಲದ ಅಂಗಡಿ. ಮಹಡಿ ಮೆಟ್ಟಿಲ ಬಳಿ ಮ್ಯೂಚುವಲ್ ಫಂಡ್ ಏಜೆಂಟರ ಸಣ್ಣ ಫಲಕ. ಬೀದಿಯಲ್ಲಿ ನಿಂತು ನೋಡಿದರೆ ಎಲ್ಲ ಬೋರ್ಡೂ ಒಂದೇ ಥರ ಕಾಣುತ್ತವೆ. ಒಂದೊಂದರ ಹಿಂದೆ ಒಂದೊಂದು ಕಾಯ್ದೆ ಇದೆ, ಆ ಕಾಯ್ದೆಯ ಹಿಂದೆ ಯಾವುದೋ ಒಂದು ಮಧ್ಯಾಹ್ನದ ಚರ್ಚೆ ಇದೆ. ಚೀಟಿಯನ್ನೇ ತೆಗೆದುಕೊಳ್ಳಿ. 2019ರ ನವೆಂಬರಿನಲ್ಲಿ ಸಂಸತ್ತು 1982ರ ಚಿಟ್ ಫಂಡ್ ಕಾಯ್ದೆಯನ್ನು ತಿದ್ದಿತು. ಚೀಟಿ ನಡೆಸುವವರ ಕಮಿಷನ್ನು ಶೇ 5ರಿಂದ 7ಕ್ಕೆ ಏರಿತು. ಒಬ್ಬರೇ ನಡೆಸುವ ಚೀಟಿಯ ಮಿತಿ 1 ಲಕ್ಷ ಇದ್ದದ್ದು 3 ಲಕ್ಷವಾಯಿತು. ತಿಂಗಳ ಚೀಟಿ ಕೂಗುವ ಹೆಂಗಸರಲ್ಲಿ ಎಷ್ಟು ಜನಕ್ಕೆ ಈ ಸುದ್ದಿ ಮುಟ್ಟಿತು?

ಸಂಸತ್ತಿಗೂ ನಮ್ಮ ಪೇಟೆಗೂ ನಡುವೆ ಕನ್ನಡದ ಬಾಗಿಲೊಂದನ್ನು ತೆರೆದವರು ಈ ಸೀಮೆಯವರೇ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಗೆದ್ದು ಹೋಗಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು. ಹಿಂದಿ, ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಲಾಗದವರು ಅಧ್ಯಕ್ಷರ ಅನುಮತಿ ಪಡೆದು ತಾಯ್ನುಡಿಯಲ್ಲಿ ಮಾತಾಡಬಹುದೆಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. ಅದಕ್ಕೆ ಕನ್ನಡದ ದನಿ ಕೊಟ್ಟವರು ಪಟೇಲರು. ಆ ಸಭೆಯ ಅವಧಿಯಲ್ಲೇ, 1969ರ ಜುಲೈ 19ರಂದು, 14 ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. 1970ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಹೊಡೆದುಹಾಕಿತು. ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ದೊಡ್ಡ ಮನೆತನಗಳ ಪರಿಚಯವಿಲ್ಲದ ಒಕ್ಕಲಿಗನೂ ಬ್ಯಾಂಕಿನ ಕೌಂಟರಿನ ಮುಂದೆ ನಿಲ್ಲುವಂತಾದದ್ದು ಆ ಗದ್ದಲದ ಫಲ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟಿನ ಹೆಸರು ಕೆನರಾದಲ್ಲಿ ಕರಗಿತು. ಕನ್ನಡ ಕರಾವಳಿಯ ಆ ಬ್ಯಾಂಕಿನ ಬೋರ್ಡು ಇಳಿದದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಹರಿಹರಕ್ಕೆ ಬಂದರೆ ದುಡ್ಡಿನ ಕಥೆಯೇ ಬೇರೆ. ಇದು ಸಂಬಳದ ಊರು. 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯ ಆಚೆ ತುಂಗಭದ್ರೆ ಹರಿಯುತ್ತಾಳೆ, ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆ. ಈಚೆ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ವರ್ಕ್‌ಶಾಪುಗಳಲ್ಲೆಲ್ಲ ತಿರುಗಿದವು. ಹೊಸ ಶತಮಾನ ಕಾಲಿಟ್ಟ ಹೊತ್ತಿಗೆ ಆ ಯಂತ್ರಗಳು ನಿಂತವು.

ಅದೇ ಹೊತ್ತಿಗೆ ಇನ್ನೊಂದು ಪೆಟ್ಟು. ಸಂಬಳದವರು ಬ್ಯಾಂಕಿನಷ್ಟೇ ಭದ್ರವೆಂದು ನಂಬಿದ್ದ ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆಯ ಮರುಖರೀದಿ 2001ರ ಜುಲೈಯಲ್ಲಿ ಸ್ಥಗಿತವಾಯಿತು. ಷೇರುಪೇಟೆ ಹಗರಣದ ತನಿಖೆಗೆ ರಚನೆಯಾಗಿದ್ದ ಜಂಟಿ ಸಂಸದೀಯ ಸಮಿತಿಯ ಮುಂದೆ ಇದೂ ಬಂತು. ಕಡೆಗೆ ಟ್ರಸ್ಟನ್ನೇ ಎರಡು ಹೋಳು ಮಾಡಿದರು. ಸಣ್ಣ ಹೂಡಿಕೆದಾರರಿಗೆ 5,000 ಯೂನಿಟ್‌ವರೆಗೆ ತಲಾ 12 ರೂಪಾಯಿ, ಮೇಲಿನವಕ್ಕೆ 10 ರೂಪಾಯಿ ಎಂದು ಸರ್ಕಾರ ಹೊಣೆ ಹೊತ್ತುಕೊಂಡಿತು. ಸಂಸದರು ಎದ್ದು ನಿಂತು ಕೇಳಿದ್ದಕ್ಕೆ ಕಾರ್ಖಾನೆ ಊರಿನ ಮನೆಮನೆಗೆ ಎಷ್ಟು ಉಳಿಯಿತು ಎಂಬುದನ್ನು ರೂಪಾಯಿ ಲೆಕ್ಕದಲ್ಲೇ ಹೇಳಬಹುದು.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ನಿವೃತ್ತ ಟರ್ನರ್ ಒಬ್ಬರು ನನ್ನನ್ನು ಹಿಡಿದು ಕೂರಿಸಿದರು. ಎಡಗೈ ಹೆಬ್ಬೆರಳಿನ ಉಗುರು ಅಡ್ಡಡ್ಡ ಸೀಳಿದೆ. ಬೆರಳ ಸಂದಿಯಲ್ಲಿ ಕಬ್ಬಿಣದ ಕಪ್ಪು ಇನ್ನೂ ಹೋಗಿಲ್ಲ. ಜೇಬಿನಿಂದ ಎರಡು ಪುಸ್ತಕ ತೆಗೆದು ಮೇಜಿನ ಮೇಲೆ ಜೋಡಿಸಿದರು. ಒಂದು ಬ್ಯಾಂಕಿನದು, ಇನ್ನೊಂದು ಪತ್ತಿನ ಸಂಘದ್ದು.

“ಅಲ್ರೀ, ಬ್ಯಾಂಕ್ ಮುಳುಗಿದ್ರೂ 5 ಲಕ್ಷ ಕೊಡ್ತಾರಂತಲ್ಲ, ಖರೇನಾ?”

“ಖರೇ ಯಜಮಾನ್ರೇ. 2020ರ ಫೆಬ್ರವರಿಯಿಂದ ವಿಮೆ 1 ಲಕ್ಷದಿಂದ 5 ಲಕ್ಷ ಆಗೇತಿ. ಬ್ಯಾಂಕಿನ ಮ್ಯಾಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹಾಕಿದ್ರೆ 90 ದಿನದಾಗ ಕೊಡಬೇಕು ಅಂತ 2021ರ ಆಗಸ್ಟಿನಾಗ ಸಂಸತ್ತು ಕಾಯ್ದೆ ತಿದ್ದೇತಿ. ಪ್ರೀಮಿಯಂ ಬ್ಯಾಂಕೇ ಕಟ್ತೈತಿ, ನೀವು ಕಟ್ಟೋದಿಲ್ಲ.”

“ಹಂಗಾದ್ರೆ ಎರಡಕ್ಕೂ ಐತಿ ಅನ್ರಿ.”

ಇಲ್ಲ ಎನ್ನುವುದು ಕಷ್ಟವಾಯಿತು. ಪಟ್ಟಣ ಸಹಕಾರಿ ಬ್ಯಾಂಕಿನ ಠೇವಣಿಗೂ ಆ ವಿಮೆ ಇದೆ. ಪತ್ತಿನ ಸಂಘ, ಸೌಹಾರ್ದಗಳ ಠೇವಣಿಗೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಅವರು ನಿವೃತ್ತಿಯ ಹಣದ ಹೆಚ್ಚು ಪಾಲನ್ನು ಇಟ್ಟಿದ್ದು ಎರಡನೇ ಪುಸ್ತಕದಲ್ಲಿ.

“ಇದನ್ನ ಯಾರಿಗೆ ಕೇಳಬೇಕ್ರೀ, ಎಂಪಿಗೋ ಎಮ್ಮೆಲ್ಲೆಗೋ?”

ಬ್ಯಾಂಕು, ಮ್ಯೂಚುವಲ್ ಫಂಡು, ಷೇರುಪೇಟೆ ದೆಹಲಿಯ ಮಾತು. ಪತ್ತಿನ ಸಂಘ ನಡೆಯುವುದು ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ, ಸೌಹಾರ್ದ 1997ರ ಕಾಯ್ದೆಯ ಕೆಳಗೆ. ಹಾಗಾಗಿ ಅವರ ಪ್ರಶ್ನೆ ಹೋಗಬೇಕಾದದ್ದು ವಿಧಾನಸೌಧಕ್ಕೆ. ಠೇವಣಿ ಇಡುವ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ, ಈ ಹಣಕ್ಕೆ ವಿಮೆ ಇದೆಯೋ ಇಲ್ಲವೋ ಎಂದು ದಪ್ಪಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಿ ಎಂದು ನಮ್ಮ ಶಾಸಕರು ಎದ್ದು ನಿಂತು ಕೇಳಲಿ. ಅಷ್ಟನ್ನು ಹೇಳಿದ ಮೇಲೆ ಯಜಮಾನರು ಪೆನ್ನು ಈಸಿಕೊಂಡರು. ಹೋಟೆಲಿನ ಬಿಲ್ಲಿನ ಹಿಂದೆ ಎರಡೂ ಕಾಯ್ದೆಗಳ ಹೆಸರು, ಇಸವಿ ಬರೆದುಕೊಂಡು, ಎಮ್ಮೆಲ್ಲೆ ಊರಲ್ಲಿ ಯಾವ ದಿನ ಸಿಗುತ್ತಾರೆಂದು ಗಲ್ಲೆಯಲ್ಲಿ ಕೂತವರನ್ನು ಕೇಳಿದರು.