ಆಂಬುಲೆನ್ಸ್ ಎಷ್ಟಿವೆ ಅಂತಲ್ಲ, ಎಲ್ಲಿ ನಿಂತಿವೆ ಅಂತ ಕೇಳಿ

ಇವತ್ತಿನ ಪ್ರಶ್ನೆ ಸಿಂಪಲ್. 108ಕ್ಕೆ ಫೋನ್ ಮಾಡಿದರೆ ಗಾಡಿ ಎಲ್ಲಿಂದ ಹೊರಡುತ್ತೆ? ಅದು ಅಲ್ಲೇ ಯಾಕೆ ನಿಂತಿರುತ್ತೆ?

ಕರ್ನಾಟಕದಲ್ಲಿ 108 'ಆರೋಗ್ಯ ಕವಚ' ಶುರುವಾಗಿದ್ದು 2008ರ ನವೆಂಬರ್ 1ರಂದು. ನಾವು ಸಾಮಾನ್ಯವಾಗಿ ಕೇಳೋದು 'ನಮಗೆ ಎಷ್ಟು ಗಾಡಿ ಕೊಟ್ರಿ' ಅಂತ. ನಾನು ಬಿ.ಕಾಂ. ಓದಿದವನು, ನನಗಿದು ಗೋಡೌನ್ ಲೆಕ್ಕದ ಹಾಗೆ ಕಾಣುತ್ತೆ. ಸರಕು ಎಷ್ಟಿದೆ ಅನ್ನೋದಕ್ಕಿಂತ ಬೇಕಾದವರಿಗೆ ಎಷ್ಟು ಬೇಗ ಸಿಗುತ್ತೆ ಅನ್ನೋದೇ ಮುಖ್ಯ.

ಬೆಂಗಳೂರನ್ನೇ ತಗೊಳ್ಳಿ. ಅಲ್ಲಿ ದೂರವನ್ನ ಕಿಲೋಮೀಟರಲ್ಲಿ ಅಳೆದರೆ ಆಗಲ್ಲ, ನಿಮಿಷದಲ್ಲಿ ಅಳೀಬೇಕು. ಸಿಲ್ಕ್ ಬೋರ್ಡ್ ಹತ್ತಿರ ನಿಂತ ಗಾಡಿ ರಾತ್ರಿ ಎರಡಕ್ಕೆ ಮುಟ್ಟೋ ಜಾಗವನ್ನ ಸಂಜೆ ಆರಕ್ಕೆ ಅಷ್ಟೇ ಹೊತ್ತಲ್ಲಿ ಮುಟ್ಟೋಕಾಗಲ್ಲ. ಟ್ರಾಫಿಕ್ ಸಂದಿಯಲ್ಲಿ ನುಗ್ಗೋಕೆ ಅಂತಲೇ 2015ರಲ್ಲಿ ಅಲ್ಲಿ ಬೈಕ್ ಆಂಬುಲೆನ್ಸ್ ಬಂತು.

ಇದಕ್ಕೊಂದು ಗಣಿತ ಇದೆ. 1974ರಲ್ಲಿ ರಿಚರ್ಡ್ ಚರ್ಚ್, ಚಾರ್ಲ್ಸ್ ರೆವೆಲ್ ಅನ್ನೋ ಇಬ್ಬರು ಪ್ರಶ್ನೆಯನ್ನ ಹೀಗಿಟ್ಟರು: ಇರೋ ಸೌಲಭ್ಯ ಇಷ್ಟೇ, ಎಲ್ಲೆಲ್ಲಿ ಇಟ್ಟರೆ ಗೊತ್ತುಮಾಡಿದ ಸಮಯದೊಳಗೆ ಅತಿ ಹೆಚ್ಚು ಜನರಿಗೆ ಸಿಗುತ್ತೆ? ಒಳ್ಳೇ ಪ್ರಶ್ನೆ. ಆದರೆ ಎರಡು ತೊಡಕು.

ಒಂದು, ಗಾಡಿ ಯಾವಾಗಲೂ ಖಾಲಿ ಇರಲ್ಲ. ಉದಾಹರಣೆಗೆ, ಹತ್ತು ಸಲ ಕರೆದರೆ ನಾಲ್ಕು ಸಲ ಅದು ಬೇರೆ ಕೇಸಲ್ಲಿದೆ ಅನ್ಕೊಳ್ಳಿ. ಅಂಥದ್ದೇ ಇನ್ನೊಂದು ಗಾಡಿ ಹತ್ತಿರ ಇದ್ದರೆ, ಎರಡೂ ಸಿಗದೇ ಹೋಗೋದು ನೂರಕ್ಕೆ ಸುಮಾರು 16 ಸಲ ಮಾತ್ರ. 40 ಎಲ್ಲಿ, 16 ಎಲ್ಲಿ!

ಎರಡು, 'ಅತಿ ಹೆಚ್ಚು ಜನ' ಅಂದಾಗ ಪೇಟೆ ಗೆಲ್ಲುತ್ತೆ, ಅಂಚಿನ ಊರು ಸೋಲುತ್ತೆ. ನಮ್ಮ ಹಂಗಳ ಊಟಿ ರಸ್ತೆಯಲ್ಲಿದೆ, ಗುಂಡ್ಲುಪೇಟೆಗೆ ಹತ್ತಿರ. ಮ್ಯಾಪಲ್ಲಿ ಏನೂ ತೊಂದರೆ ಕಾಣಲ್ಲ. ಆದರೆ ಗುಂಡ್ಲುಪೇಟೆಯಿಂದ ಒಬ್ಬ ರೋಗಿಯನ್ನ ಮೈಸೂರಿಗೆ ಕರ್ಕೊಂಡು ಹೋದರೆ ಹೋಗ್ತಾ ಸುಮಾರು 60 ಕಿಲೋಮೀಟರ್, ಬರ್ತಾ ಅಷ್ಟೇ. ಅಷ್ಟೂ ಹೊತ್ತು ಮ್ಯಾಪಿನ ಮೇಲಿನ ಆ ಚುಕ್ಕೆ ಸುಳ್ಳು. ಬಂಡೀಪುರದ ಗೇಟ್ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ್ದರೂ ಆಂಬುಲೆನ್ಸಿಗೆ ತೆರೀತಾರೆ. ಆದರೆ ಗಾಡಿ ಇರಬೇಕಲ್ಲ!

ಪರಿಹಾರ ಕ್ರಿಕೆಟ್ ಫೀಲ್ಡಿಂಗ್ ಥರ. ಒಬ್ಬ ಬಾಲ್ ಹಿಂದೆ ಓಡಿದರೆ ಪಕ್ಕದವನು ಆ ಜಾಗ ಕವರ್ ಮಾಡ್ತಾನೆ. ಹಾಗೇ ಒಂದು ಗಾಡಿ ದೂರ ಹೋದ ತಕ್ಷಣ ಇನ್ನೊಂದನ್ನ ಎರಡೂ ಕಡೆಗೆ ಹತ್ತಿರವಾಗೋ ಜಾಗಕ್ಕೆ ಸರಿಸಬೇಕು. ಹೊಸ ಗಾಡಿ ಕೊಳ್ಳದೇನೂ ಇಷ್ಟು ಮಾಡಬಹುದು.

ಮುಂದಿನ ಗ್ರಾಮಸಭೆಯಲ್ಲಿ 'ಎಷ್ಟು ಗಾಡಿ' ಅಂತ ಕೇಳಿ ಸುಮ್ಮನಾಗಬೇಡಿ. ಹೀಗೆ ಕೇಳಿ: 'ಇರೋ ಗಾಡಿ ಮೈಸೂರಿಗೆ ಹೋಗಿದ್ದಾಗ ನಮ್ಮೂರಿಗೆ ಎರಡನೇ ಗಾಡಿ ಎಲ್ಲಿಂದ ಬರುತ್ತೆ, ಎಷ್ಟು ನಿಮಿಷಕ್ಕೆ?'

ನಿಮ್ಮೂರಲ್ಲಿ ಏನು ಉತ್ತರ ಸಿಕ್ತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಲ್ಲಿ ಸಿಗೋಣ.