ಗಡಿಸೀಮೆಯ ಬಸುರಿಯರೂ ಪ್ರಸವಪೂರ್ವ ಆರೈಕೆಯೂ

ಗರ್ಭಿಣಿಯಾದ ಹೆಂಗಸು ಹೆರಿಗೆಯ ದಿನಕ್ಕೆ ಕಾಯದೆ, ಮೊದಲ ತಿಂಗಳುಗಳಿಂದಲೇ ವೈದ್ಯರಲ್ಲಿಗೋ ದಾದಿಯರಲ್ಲಿಗೋ ಹೋಗಿ ತನ್ನ ಮತ್ತು ಗರ್ಭಸ್ಥ ಶಿಶುವಿನ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವುದಕ್ಕೆ ಪ್ರಸವಪೂರ್ವ ಆರೈಕೆಯೆಂದು ಹೆಸರು. ಹೆಸರು ಹೊಸದಾದರೂ ಭಾವನೆ ಹಳೆಯದು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಗರ್ಭಿಣಿಗೆ ತಿಂಗಳು ತಿಂಗಳಿಗೂ ತಕ್ಕ ಆಹಾರಕ್ರಮವನ್ನು ಹೇಳಿದೆ. ನಮ್ಮ ಹಳ್ಳಿಗಳ ಬಯಕೆಯೂಟ, ಸೀಮಂತ, ಮಡಿಲು ತುಂಬುವಿಕೆ ಮೊದಲಾದ ಸಂಪ್ರದಾಯಗಳ ಹಿಂದೆಯೂ ಬಸುರಿಯನ್ನು ಮನೆಯವರೆಲ್ಲ ಕಣ್ಣಿಟ್ಟು ನೋಡಿಕೊಳ್ಳಬೇಕೆಂಬ ಎಚ್ಚರವೇ ಇದ್ದಂತೆ ತೋರುತ್ತದೆ. ಆದರೆ ಕಣ್ಣಿಗೆ ಕಾಣದ ಅಪಾಯಗಳೂ ಉಂಟು. ರಕ್ತದ ಒತ್ತಡ ಏರಿದುದು, ಮೂತ್ರದಲ್ಲಿ ಸಸಾರಜನಕ ಹೋಗುತ್ತಿರುವುದು, ರಕ್ತದಲ್ಲಿ ಸಕ್ಕರೆ ಹೆಚ್ಚಿದುದು, ಇವು ಅತ್ತೆಯ ಕಣ್ಣಿಗಾಗಲಿ ತಾಯಿಯ ಕಣ್ಣಿಗಾಗಲಿ ಗೋಚರಿಸುವಂಥವಲ್ಲ. ಎಡಿನ್‌ಬರೊದ ವೈದ್ಯ ಬ್ಯಾಲಂಟೈನ್ ೧೯೦೧ರಲ್ಲಿ ಗರ್ಭಿಣಿಯರಿಗಾಗಿಯೇ ಆಸ್ಪತ್ರೆಯಲ್ಲಿ ಹಾಸಿಗೆ ಬೇಕೆಂದು ವಾದಿಸಿದನು. ೧೯೨೯ರಲ್ಲಿ ಬ್ರಿಟನ್ನಿನ ಆರೋಗ್ಯ ಶಾಖೆಯು ಯಾವ ಯಾವ ವಾರದಲ್ಲಿ ಪರೀಕ್ಷೆ ನಡೆಯಬೇಕೆಂದು ಗೊತ್ತುಮಾಡಿತು. ಇಂದು ನಮ್ಮ ದೇಶದಲ್ಲಿ ಕನಿಷ್ಠ ನಾಲ್ಕು ಸಲ ತಪಾಸಣೆ ಆಗಲೇಬೇಕೆಂಬ ನಿಯಮವಿದೆ; ವಿಶ್ವ ಆರೋಗ್ಯ ಸಂಸ್ಥೆಯು ೨೦೧೬ರಲ್ಲಿ ಎಂಟು ಸಲ ಆಗಬೇಕೆಂದು ಹೇಳಿತು.

ಅನುಕೂಲ ಇರುವಲ್ಲಿಯೂ ಕೆಲವರು ಹೋಗುತ್ತಾರೆ, ಕೆಲವರು ಹೋಗುವುದಿಲ್ಲ. ಕಾರಣವೇನು? ಈ ಪ್ರಶ್ನೆಯನ್ನು ನಮ್ಮ ಗುಡಿಬಂಡೆಯ ಸೀಮೆಗೆ ಅನ್ವಯಿಸಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಗುಡಿಬಂಡೆ ಎಂದರೆ ಇಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೋಟೆಯ ಊರಲ್ಲ. ಮಡಕಶಿರಾ ಕಡೆಯ ಗುಡಿಬಂಡೆ. ಬಹುಕಾಲ ಅನಂತಪುರ ಜಿಲ್ಲೆಗೆ ಸೇರಿದ್ದು, ೨೦೨೨ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಭೂಪಟವನ್ನು ನೋಡಿದವರಿಗೆ ಈ ಭಾಗದ ವಿಚಿತ್ರ ಸ್ಥಿತಿ ತಿಳಿಯುತ್ತದೆ. ಮಡಕಶಿರಾ ಸೀಮೆಯ ಸುತ್ತ ಪಾವಗಡ, ಶಿರಾ, ಮಧುಗಿರಿಗಳು. ಆಂಧ್ರದ ಉಳಿದ ಭಾಗಕ್ಕೆ ಹಿಂದೂಪುರದ ಕಡೆಯಿಂದ ಮಾತ್ರ ನಂಟು. ಅತ್ತ ಪಾವಗಡವೋ ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದಿದೆ. ೧೯೫೩ರಲ್ಲಿಯೂ ೧೯೫೬ರಲ್ಲಿಯೂ ಗೆರೆ ಎಳೆದವರು ಹೆಣ್ಣು ಕೊಟ್ಟು ತರುವ ಸಂಬಂಧಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವು ಗೆರೆಯ ಆಚೆಈಚೆ ಮೊದಲಿನಂತೆಯೇ ನಡೆದುಬಂದಿವೆ.

ಅಮೆರಿಕದ ರೊನಾಲ್ಡ್ ಆಂಡರ್ಸನ್ ಎಂಬ ವಿದ್ವಾಂಸರು ೧೯೬೮ರಲ್ಲಿ, ಜನರು ವೈದ್ಯಕೀಯ ಸೌಲಭ್ಯವನ್ನು ಬಳಸುವ ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ವಯಸ್ಸು, ವಿದ್ಯೆ, ನಂಬಿಕೆಗಳಂತಹ ಸ್ವಭಾವಗತ ಕಾರಣಗಳು, ಹಣ, ವಾಹನ, ಆಸ್ಪತ್ರೆಯ ಸಾಮೀಪ್ಯದಂತಹ ಅನುಕೂಲಗಳು, ಮೂರನೆಯದು ತನಗೆ ಅಗತ್ಯವಿದೆಯೆಂಬ ಅನಿಸಿಕೆ. ಮೊದಲನೆಯ ವರ್ಗದಲ್ಲಿ ವಿದ್ಯೆಯ ಪಾತ್ರ ದೊಡ್ಡದು. ೧೯೯೨-೯೩ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಆಧಾರದ ಮೇಲೆ ನವನೀತಂ ಮತ್ತು ಧರ್ಮಲಿಂಗಂ ಅವರು ದಕ್ಷಿಣದ ನಾಲ್ಕು ರಾಜ್ಯಗಳನ್ನು ಕುರಿತು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ತಾಯಿಯ ವಿದ್ಯೆ ಮುಖ್ಯವಾಗಿ ಕಂಡುಬಂದಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಓದು ಬಂದ ಸೊಸೆ ಗೋಡೆಯ ಮೇಲಿನ ಪ್ರಕಟಣೆ ಓದುತ್ತಾಳೆಂಬುದು ಸಣ್ಣ ಲಾಭ. ಅತ್ತೆಯ ಮುಂದೆ ಬಾಯಿ ಬಿಟ್ಟು "ನಾಳೆ ಆಸ್ಪತ್ರೆಗೆ ಹೋಗಬೇಕು" ಎನ್ನುವ ಧೈರ್ಯ ಅವಳಿಗೆ ಬರುವುದೇ ದೊಡ್ಡ ಲಾಭ.

ಮೂರನೆಯ ಕಾರಣದಲ್ಲಿಯೇ ಬಸುರಿಯ ವಿಷಯದ ಗಂಟು ಇದೆ. ಜ್ವರ ಬಂದವನು ವೈದ್ಯನನ್ನು ಹುಡುಕಿಕೊಂಡು ಹೋಗುತ್ತಾನೆ. ಬಸುರು ರೋಗವಲ್ಲವಷ್ಟೆ! "ಚೆನ್ನಾಗಿಯೇ ಇದ್ದಾಳೆ, ಆಸ್ಪತ್ರೆ ಏಕೆ?" ಎಂಬ ಹಿರಿಯರ ಮಾತಿನಲ್ಲಿ ತರ್ಕವಿಲ್ಲದಿಲ್ಲ. ಎರಡನೆಯ ಮೂರನೆಯ ಬಸುರಿನಲ್ಲಿ ಈ ಮಾತು ಇನ್ನೂ ಗಟ್ಟಿಯಾಗುತ್ತದೆ. ಇದರ ಜೊತೆಗೆ, ಮೂರು ತಿಂಗಳು ತುಂಬುವವರೆಗೆ ಸುದ್ದಿ ಹೊರಗೆ ಹೋಗಬಾರದು, ದೃಷ್ಟಿಯಾಗುತ್ತದೆ ಎಂಬ ನಂಬಿಕೆ. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರು ಬರೆಸಿದರೆ ಬೀದಿಗೆಲ್ಲ ತಿಳಿದಂತೆಯೇ ಎಂದು ಎಣಿಸಿ ಸುಮ್ಮನಿರುವವರುಂಟು. ಮೊದಲ ಮೂರು ತಿಂಗಳ ತಪಾಸಣೆ ತಪ್ಪುವುದು ಬಹುಮಟ್ಟಿಗೆ ಹೀಗೆ.

ಇನ್ನು ಕೂಲಿಯ ಪ್ರಶ್ನೆ. ಕಡಲೆಕಾಯಿ ಕೀಳುವ ಕಾಲದಲ್ಲಿ, ರೇಷ್ಮೆಹುಳು ಹಣ್ಣಾಗುವ ವಾರದಲ್ಲಿ, ಒಂದು ದಿನ ಆಸ್ಪತ್ರೆಗೆ ಹೋಗುವುದೆಂದರೆ ಆ ದಿನದ ಸಂಪಾದನೆಯನ್ನು ಬಿಟ್ಟಂತೆ. ತಪಾಸಣೆ ಉಚಿತವಾದರೂ ಬಸ್ಸಿನ ಖರ್ಚು, ಕಾಯುವ ಹೊತ್ತು, ಜೊತೆಗೆ ಬಂದವರ ಕೂಲಿ, ಇವು ಉಚಿತವಲ್ಲ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವ ಸಂಸಾರಗಳಲ್ಲಿ ಬಸುರಿಯೂ ಇರುತ್ತಾಳೆ. ಅವಳ ಹೆಸರು ಊರಿನ ಪುಸ್ತಕದಲ್ಲಿರುತ್ತದೆ, ಅವಳಿರುವುದಿಲ್ಲ. ಹೋದಲ್ಲಿ ದೊರೆತ ಉಪಚಾರವೂ ಮುಖ್ಯ. ಗದರಿಕೆಯ ಮಾತು ಕೇಳಿ ಬಂದವಳು ಮತ್ತೆ ಹೋಗುವುದು ಕಷ್ಟ; ಅವಳ ಓರಗಿತ್ತಿಯೂ ಹೋಗುವುದಿಲ್ಲ.

ಸರಕಾರದ ಪ್ರೋತ್ಸಾಹಗಳು ಫಲ ಕೊಟ್ಟಿಲ್ಲವೆನ್ನಲಾಗದು. ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. ೨೦೧೭ರಿಂದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ೫೦೦೦ ರೂಪಾಯಿ ಕಂತಾಗಿ ದೊರೆಯುತ್ತದೆ. ತಾಯಂದಿರ ಮರಣ ಲಕ್ಷ ಜೀವಂತ ಜನನಗಳಿಗೆ ೨೦೦೪-೦೬ರಲ್ಲಿ ಆಂಧ್ರದಲ್ಲಿ ೧೫೪, ಕರ್ನಾಟಕದಲ್ಲಿ ೨೧೩ ಇದ್ದುದು ೨೦೧೮-೨೦ರಲ್ಲಿ ಕ್ರಮವಾಗಿ ೪೫ ಮತ್ತು ೬೯ಕ್ಕೆ ಇಳಿಯಿತು. ಆದರೆ ೨೦೧೯-೨೧ರ ಸಮೀಕ್ಷೆಯ ಅಖಿಲ ಭಾರತ ಅಂಕಿಗಳನ್ನು ಜೊತೆಗಿಟ್ಟು ನೋಡಿರಿ: ಆಸ್ಪತ್ರೆಯಲ್ಲಿ ಆದ ಹೆರಿಗೆ ನೂರಕ್ಕೆ ೮೮.೬, ನಾಲ್ಕು ಸಲ ತಪಾಸಣೆ ಪಡೆದವರು ನೂರಕ್ಕೆ ೫೮.೧. ಹೆರುವುದಕ್ಕೆ ಆಸ್ಪತ್ರೆ ಬೇಕೆಂಬುದು ಮನೆಮನೆಗೂ ಮುಟ್ಟಿದೆ. ಅದಕ್ಕೆ ಹಿಂದಿನ ತಿಂಗಳುಗಳ ಮಾತು ಅಷ್ಟು ಮುಟ್ಟಿಲ್ಲ. ಗರ್ಭಿಣಿಯರಲ್ಲಿ ರಕ್ತಹೀನತೆಯಂತೂ ೨೦೧೫-೧೬ರಲ್ಲಿ ನೂರಕ್ಕೆ ೫೦.೪ ಇದ್ದುದು ೫೨.೨ಕ್ಕೆ ಏರಿತು.

ಈ ರಕ್ತಹೀನತೆಯ ಮಾತ್ರೆಯ ಕಥೆ ಸ್ವಾರಸ್ಯವಾದುದು. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ೧೯೨೮ರ ಸುಮಾರಿಗೆ ಮುಂಬಯಿಗೆ ಬಂದು ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿದಳು. ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡು ೧೯೩೧ರಲ್ಲಿ ಪ್ರಕಟಿಸಿದಳು. ಅದರಲ್ಲಿದ್ದ ಗುಣಕಾರಿ ಅಂಶಕ್ಕೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಇಂದು ನಾಲ್ಕನೆಯ ತಿಂಗಳಿಂದ ೧೮೦ ದಿನ ನುಂಗಬೇಕಾದ ಕಬ್ಬಿಣದ ಮಾತ್ರೆಯಲ್ಲಿ ಅದೂ ಸೇರಿದೆ. ನುಂಗಿದವರಿಗೆ ಮಲ ಕಪ್ಪಾಗುತ್ತದೆ, ಹೊಟ್ಟೆ ಕಟ್ಟುತ್ತದೆ. ಹೀಗಾಗುವುದು ಸಹಜವೆಂದು ಮೊದಲೇ ಹೇಳದಿದ್ದರೆ ಹೆದರಿ ಬಿಡುತ್ತಾರೆ. ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯಗಳೂ ಸೇರಿ, ಮಾತ್ರೆ ಗೂಡಿನಲ್ಲಿಯೇ ಉಳಿಯುತ್ತದೆ.

ಇಷ್ಟೆಲ್ಲ ಬೇರೆ ಸೀಮೆಗಳಿಗೂ ಅನ್ವಯಿಸುವ ಮಾತಾಯಿತು. ಗಡಿಯ ಸೀಮೆಗೇ ವಿಶೇಷವಾದ ಕಾರಣವೊಂದುಂಟು. ನನಗೆ ಎಲ್ಲಕ್ಕಿಂತ ಭಾರವಾಗಿ ತೋರುವುದು ಅದೇ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ತವರಿನವರು ಕರೆದುಕೊಂಡು ಹೋಗುತ್ತಾರೆ. ಗುಡಿಬಂಡೆಯ ಸೊಸೆಗೆ ಮಧುಗಿರಿ ಕಡೆಯಲ್ಲೋ ಶಿರಾ ಕಡೆಯಲ್ಲೋ ತವರು. ಅಲ್ಲಿಗೆ ಕೊಟ್ಟ ಮಗಳಿಗೆ ಗುಡಿಬಂಡೆ ತವರು. ಮೊದಲ ಆರು ತಿಂಗಳ ದಾಖಲೆ ಒಂದು ರಾಜ್ಯದ್ದು, ಕೊನೆಯ ಮೂರು ತಿಂಗಳು ಇನ್ನೊಂದು ರಾಜ್ಯದಲ್ಲಿ. ಇಲ್ಲಿಯ ಕಾರ್ಯಕರ್ತೆ ಹೋದಳೆಂದು ಕೈಬಿಡುತ್ತಾಳೆ, ಅಲ್ಲಿಯವಳಿಗೆ ಬಂದಳೆಂದು ತಿಳಿದಿರುವುದಿಲ್ಲ. ಬಸುರಿನ ರಕ್ತದೊತ್ತಡದ ಕಾಯಿಲೆ ತಲೆಯೆತ್ತುವುದು ಐದು ತಿಂಗಳು ಕಳೆದ ಮೇಲೆ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿಯೇ. ಮೊದಲು ಎಷ್ಟಿತ್ತು ಎಂಬ ಅಂಕಿ ಕೈಯಲ್ಲಿಲ್ಲದ ವೈದ್ಯರು, ಈಗ ಕಂಡದ್ದು ಹಳೆಯದೋ ಹೊಸದೋ ಎಂದು ಹೇಗೆ ತೀರ್ಮಾನಿಸಬೇಕು? ಅಪಾಯ ಬರುವ ಹೊತ್ತೂ ಮನೆ ಬದಲಾಗುವ ಹೊತ್ತೂ ಒಂದೇ ಆಗಿದೆ.

ಲಿಪಿಯೂ ಬದಲಾಗುತ್ತದೆ. ಆಂಧ್ರದಲ್ಲಿ ಕೊಡುವ ತಾಯಿಮಗುವಿನ ರಕ್ಷಣಾ ಕಾರ್ಡು ತೆಲುಗಿನಲ್ಲಿ, ಕರ್ನಾಟಕದ ತಾಯಿ ಕಾರ್ಡು ಕನ್ನಡದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ತೆಲುಗು ಅಕ್ಷರಗಳನ್ನು ತಡವರಿಸಿ ಓದಬಲ್ಲಳಾದರೂ, ಕಾಲು ಬಾತುಕೊಂಡು ತಲೆನೋವು ಬಂದರೆ, ಕಣ್ಣು ಮಂಜಾದರೆ ಕೂಡಲೇ ಬನ್ನಿರೆಂಬ ಎಚ್ಚರಿಕೆಯನ್ನು ತಡವರಿಸಿ ಓದುವಂತಾಗಬಾರದು. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಪಠ್ಯಪುಸ್ತಕ, ಉದ್ಯೋಗ ಎಂದಷ್ಟೇ ನಾವು ಚರ್ಚಿಸುತ್ತ ಬಂದಿದ್ದೇವೆ. ಈ ಕಾರ್ಡೂ ಆ ಪಟ್ಟಿಯಲ್ಲಿ ಇರತಕ್ಕದ್ದು.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಮುಟ್ಟದೆ ಮಾಡಿಸಿದ ಆ ತಾಯಿಗೆ ೨೦೧೮ರಲ್ಲಿ ಪದ್ಮಶ್ರೀ ದೊರೆಯಿತು. ಅದೇ ವರ್ಷ ಡಿಸೆಂಬರ್ ೨೫ರಂದು ತೀರಿಕೊಂಡರು. ರಕ್ತದೊತ್ತಡ ಅಳೆಯುವ ಉಪಕರಣ ಸೂಲಗಿತ್ತಿಯರ ಕೈಯಲ್ಲಿರಲಿಲ್ಲ. ಆದರೆ ಬಸುರಿ ಯಾವ ಮನೆಯಲ್ಲಿದ್ದರೆ ಆ ಮನೆಗೆ ಅವರೇ ಹೋಗುತ್ತಿದ್ದರು. ಬಸುರಿಯ ಹೆಸರು ಯಾವ ಊರಿನ ಪುಸ್ತಕದಲ್ಲಿದೆಯೆಂದು ಕೇಳುತ್ತಿರಲಿಲ್ಲ.

ಉಪಾಧ್ಯಾಯ ಮಿತ್ರರ ಬಳಿಗೆ ಕಾಗದ ಓದಿಸಲು ಬರುವವರು ಈಗಲೂ ಉಂಟು. ಕಾರ್ಡನ್ನು ತಂದರೆ ಮುಖ್ಯವಾಗಿ ನೋಡಬೇಕಾದ ಅಂಕಿಗಳು ಮೂರು. ಹಿಮೋಗ್ಲೋಬಿನ್ ೧೧ಕ್ಕೆ ಕಡಿಮೆಯಿದ್ದರೆ ರಕ್ತಹೀನತೆ, ೭ಕ್ಕೂ ಕಡಿಮೆಯಿದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆ. ರಕ್ತದೊತ್ತಡ ೧೪೦/೯೦ ಮುಟ್ಟಿದ್ದರೆ ಆ ದಿನವೇ ವೈದ್ಯರ ಬಳಿ ಹೋಗತಕ್ಕದ್ದು. ಮೂರನೆಯದು, ಕಡೆಯ ತಪಾಸಣೆಯ ತಾರೀಖು. ಅದಾಗಿ ತಿಂಗಳು ಕಳೆದಿದ್ದರೆ, ಬರುವ ೯ನೆಯ ತಾರೀಖಿನಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗಾಗಿ ನಡೆಯುವ ಉಚಿತ ತಪಾಸಣೆಗೆ ಹಳೆಯ ಕಾರ್ಡಿನೊಡನೆಯೇ ಕಳುಹಿಸಬಹುದು. ೨೦೧೬ರಿಂದ ಈ ಏರ್ಪಾಡು ಗಡಿಯ ಎರಡು ಕಡೆಯೂ ಇದೆ.