ಹಾರ್ಡ್ ಡಿಸ್ಕಿಗೆ ಮುಪ್ಪು ಬಂದಾಗ

ಮನೆಯ ವಿಡಿಯೋ ರೆಕಾರ್ಡರು ಕಟಕಟನೆ ಸದ್ದು ಮಾಡತೊಡಗಿತೆಂದರೆ ಅದರ ಹಾರ್ಡ್ ಡಿಸ್ಕಿಗೆ ಮುಪ್ಪು ಬಂದಿತೆಂದೇ ತಿಳಿಯಬೇಕು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆ ಸವೆಯದೆ ಇದ್ದೀತೆ?

ಹೊಸದನ್ನು ಕೂಡಿಸುವುದೇನೋ ಸುಲಭ. ವಿದ್ಯುತ್ತಿನ ತಂತಿ ಕಿತ್ತು, ಕೆಲವು ತಿರುಪು ಬಿಚ್ಚಿದರಾಯಿತು. ತೊಡಕಿರುವುದು ಬೇರೆಡೆ. 1999ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟೀವೋ ಪೆಟ್ಟಿಗೆಯಲ್ಲಿ ಯಂತ್ರವನ್ನು ನಡೆಸುವ ಲಿನಕ್ಸ್ ತಂತ್ರಾಂಶವೂ ಅದೇ ಡಿಸ್ಕಿನಲ್ಲಿತ್ತು. ಬರಿದಾದ ಡಿಸ್ಕು ಹಾಕಿದರೆ ಅದು ಕೆಲಸಕ್ಕೇ ಬರುತ್ತಿರಲಿಲ್ಲ! ಬಲ್ಲವರು ಹಳೆಯದನ್ನೂ ಹೊಸದನ್ನೂ ಕಂಪ್ಯೂಟರಿಗೆ ಜೋಡಿಸಿ ನಕಲು ಇಳಿಸಿಕೊಳ್ಳುತ್ತಿದ್ದರು. ಹಳೆಯದಕ್ಕೆ ಜೀವವಿರುವಾಗ ಮಾತ್ರ ಇದು ಸಾಧ್ಯ.

ನಮ್ಮ ಕೆಲವು ಮನೆಗಳಲ್ಲಿ ಕ್ಯಾಸೆಟ್ಟಿನಿಂದ ರೆಕಾರ್ಡರಿಗೆ ಇಳಿಸಿಟ್ಟ ಊರಿನ ಮದುವೆಯುಂಟು, ಅಜ್ಜಿಯ ಹಾಡುಂಟು. ಹೊಸ ಡಿಸ್ಕು ಅಂಗಡಿಯಲ್ಲಿ ಸಿಕ್ಕೀತು, ಅವು ಸಿಕ್ಕಲಾರವು. ಆದುದರಿಂದ ವಾಚಕರೇ, ಸದ್ದು ಕೇಳಿದ ದಿನವೇ ಅವನ್ನು ಡಿವಿಡಿಗೆ ಇಳಿಸಿಕೊಳ್ಳಿರಿ. ತಿರುಪು ಬಿಚ್ಚುವುದು ಆಮೇಲಾಗಲಿ.